ತಿಳಿಯಲಿಲ್ಲ ಎಂಬ ಮುದ್ರೆ

ನವಿಲಗಟ್ಟಿ
ಹೊಳೆಯೊಪ್ಪಂದದ ೮೮ನೆಯ ವರ್ಷ, ಹನ್ನೊಂದನೆಯ ತಿಂಗಳು ಮುಗಿದ ಮೇಲಿನ ಮೊದಲ ಬಿಡುದಿನ

ಹೆಸರು ಹರಿದುಹೋದ ನೋಟುಬುಕ್ಕಿನ ಒಡತಿಗೆ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ. ನಾವು ವರ್ಷ ಎಣಿಸುವುದು ಹೊಳೆಯ ಒಪ್ಪಂದವಾದಂದಿನಿಂದ. ವರ್ಷಕ್ಕೆ ಹನ್ನೊಂದೇ ತಿಂಗಳು, ಒಂದೊಂದಕ್ಕೂ ಮೂವತ್ತಮೂರು ದಿನ. ಹೀಗೆ ಎಣಿಸಿದರೆ ಯಾವ ತಿಂಗಳಿಗೂ ಸೇರದ ಎರಡು ದಿನ ಉಳಿಯುತ್ತವೆ. ಅವನ್ನು ಬಿಡುದಿನ ಎನ್ನುತ್ತೇವೆ. ಆ ದಿನಗಳಲ್ಲಿ ಸರಕಾರಿ ಕಚೇರಿಗಳ ಹಳೆಯ ಕಡತಗಳ ಕೋಣೆಯನ್ನು ತೆರೆದಿಟ್ಟು, ಆ ವರ್ಷ ಕಚೇರಿಯಲ್ಲಿ ನ್ಯಾಯ ಗೆದ್ದು ಬಂದ ಒಬ್ಬರ ಕೈಯಲ್ಲಿ ಹಿಂದಿನ ಕಾಲದವರಿಗೆ ಒಂದು ಕಾಗದ ಬರೆಸುತ್ತಾರೆ. ಕಾಗದ ಮುಟ್ಟುತ್ತದೆಯೋ ಇಲ್ಲವೋ ನೋಡಿದವರಿಲ್ಲ. ಆದರೂ ಬರೆಯುತ್ತೇವೆ. ಈ ಸಲ ಸರದಿ ನನ್ನದು.

ನಾನು ಏಳನೆಯ ಇಯತ್ತೆಯವರೆಗೆ ಓದಿದವಳು. ದಿನಚರಿ ಬರೆಯುವ ರೂಢಿ ಬಿಟ್ಟರೆ ಬರವಣಿಗೆ ಗೊತ್ತಿಲ್ಲ. ನನ್ನ ಕೆಲವು ಮಾತು ನಿನಗೆ ವಿಚಿತ್ರವಾಗಿ ಕಂಡರೆ ಮನ್ನಿಸು. ನೀನು ನನಗಿಂತ ಆರೇಳು ತಲೆಮಾರು ಹಿರಿಯಳು, ಆದರೆ ನಿನಗೆ ಹದಿನೈದೇ ವರ್ಷ. ನೀನು ಎನ್ನಲೋ ನೀವು ಎನ್ನಲೋ ಎಂದು ಬೆಳಗಿನಿಂದ ಯೋಚಿಸಿದೆ. ತಾಯಿ ಎಂದು ಕರೆಯುತ್ತೇನೆ. ನಮ್ಮ ಕಡೆ ಮುದುಕಿಗೂ ಹುಡುಗಿಗೂ ಆ ಒಂದೇ ಮಾತು ನಡೆಯುತ್ತದೆ.

ನಿನ್ನ ನೋಟುಬುಕ್ಕು ಇಲ್ಲಿಯ ಕಡತಗಳ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ. ಹೊದಿಕೆ ಹರಿದಿದೆ. ಹೈಸ್ಕೂಲ್ ಹುಡುಗಿಯೊಬ್ಬಳು ವಾರಕ್ಕೆರಡು ದಿನ ಸರಕಾರಿ ಕಚೇರಿಯಲ್ಲಿ ಕೆಲಸ ಕಲಿಯಲು ಹೋಗುತ್ತಿದ್ದಳು ಎಂಬುದಷ್ಟೇ ತಿಳಿಯುತ್ತದೆ. ಪುಟಕ್ಕೊಂದು ಸಾಲು. ‘ಇಂದು ಕಡತಗಳಿಗೆ ನಂಬರು ಹಾಕಿದೆ.’ ‘ಇಂದು ಝೆರಾಕ್ಸ್ ಮಾಡಿಸಿಕೊಂಡು ಬಂದೆ.’ ‘ಇಂದು ಎಲ್ಲರಿಗೂ ಚಹಾ ಕೊಟ್ಟೆ.’ ಹದಿನೇಳನೆಯ ಪುಟದಲ್ಲಿ ಮಾತ್ರ ಬೇರೆ. ‘ಇಂದು ಒಂದು ಕಾಗದ ಓದಿದೆ. ತಿಳಿಯಲಿಲ್ಲ. ಏನಿದು ಎಂದು ಕೇಳಿದೆ. ಸರ್ ನಕ್ಕರು. ಆಮೇಲೆ ಓದಿ ನೋಡಿದರು. ಅವರಿಗೂ ತಿಳಿಯಲಿಲ್ಲ.’ ನಮ್ಮ ಕಾಲದ ಒಂದು ದೊಡ್ಡ ಪದ್ಧತಿ ಈ ಪುಟದಿಂದಲೇ ಹುಟ್ಟಿತು ಎಂದು ಇಲ್ಲಿಯ ಮಕ್ಕಳಿಗೆ ಕಲಿಸುತ್ತಾರೆ.

ಆ ಪದ್ಧತಿಯ ಹೆಸರು ಅರೆಹೊತ್ತು. ಒಂಬತ್ತನೆಯ ಇಯತ್ತೆಗೆ ಬಂದ ಪ್ರತಿ ಮಗುವೂ ಮಂಗಳವಾರ ಮತ್ತು ಶುಕ್ರವಾರ ಸಂಜೆ ನಾಲ್ಕರಿಂದ ಏಳರವರೆಗೆ ಯಾವುದಾದರೊಂದು ಕಚೇರಿಯಲ್ಲಿ ಕೂರಬೇಕು. ನಡುಹಗಲು ನಮ್ಮಲ್ಲಿ ಯಾರೂ ಹೊರಗೆ ಕಾಲಿಡುವುದಿಲ್ಲ. ಹನ್ನೊಂದಕ್ಕೆ ಬಿಸಿಲಗಂಟೆ ಹೊಡೆದರೆ ಶಾಲೆ, ಅಂಗಡಿ, ಕಚೇರಿ ಎಲ್ಲವೂ ಬಾಗಿಲು ಹಾಕುತ್ತವೆ. ಊರು ಮಲಗುತ್ತದೆ. ನಾಲ್ಕಕ್ಕೆ ಮತ್ತೊಂದು ಬೆಳಗು. ಹೆಂಚೇ ಬಿಸಿಲು ಕುಡಿದು ದೀಪ ಉರಿಸುತ್ತದೆ, ಗೋಡೆಯೇ ತಂಪು ಬಿಡುತ್ತದೆ. ರೊಟ್ಟಿ ಮಾತ್ರ ಈಗಲೂ ಕೈಯಿಂದಲೇ ಬಡಿಯುತ್ತೇವೆ. ಕಚೇರಿಗೆ ಬಂದ ಮಕ್ಕಳಿಗೆ ಚಹಾ ತರುವ ಕೆಲಸ ಹೇಳುವಂತಿಲ್ಲ. ಅವರ ಕೆಲಸ ಒಂದೇ. ಯಾರದೇ ಮೇಲೆ ಆದೇಶವಾದರೂ, ಅದು ಹೊರಗೆ ಹೋಗುವ ಮೊದಲು ಆ ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು ಅರೆಹೊತ್ತಿನ ಮಗು ಗಟ್ಟಿಯಾಗಿ ಓದಬೇಕು. ಓದಿದ್ದನ್ನು ತನ್ನ ಮನೆಮಾತಿನಲ್ಲಿ ಹೇಳಬೇಕು. ಇದಕ್ಕೆ ಮರುಮಾತು ಎನ್ನುತ್ತಾರೆ. ಆಮೇಲೆ ಮೇಜಿನ ಮೇಲಿರುವ ಎರಡು ಮುದ್ರೆಗಳಲ್ಲಿ ಒಂದನ್ನು ಹೊಡೆಯಬೇಕು. ಒಂದರ ಮೇಲೆ ‘ತಿಳಿಯಿತು’ ಎಂದಿದೆ, ಇನ್ನೊಂದರ ಮೇಲೆ ‘ತಿಳಿಯಲಿಲ್ಲ’. ಎರಡನೆಯದು ಬಿದ್ದರೆ ಆ ಆದೇಶ ನಡೆಯುವುದಿಲ್ಲ. ಬರೆದ ಅಧಿಕಾರಿ ಒಂಬತ್ತು ದಿನದೊಳಗೆ ಆ ಮಗುವಿನ ಮುಂದೆ ಕೂತು ತಿಳಿಸಿ ಹೇಳಬೇಕು, ಇಲ್ಲವೇ ಬೇರೆ ಬರೆಯಬೇಕು.

ಇಷ್ಟು ಓದಿ ನಿನಗೆ ಹೆಮ್ಮೆಯಾದೀತು. ಆದರೆ ನಾವು ಏನು ಮಾಡಿದೆವು ಗೊತ್ತೇ, ತಾಯಿ? ಆ ಎರಡನೆಯ ಮುದ್ರೆಯನ್ನು ಪೂಜೆಗೆ ಇಟ್ಟೆವು. ದೊಡ್ಡ ಹೋರಾಟದಿಂದ ಬಂದ ಮುದ್ರೆ, ಅದನ್ನು ಹಗುರಾಗಿ ಮುಟ್ಟಬಾರದು ಎಂದು ಯಾರೋ ಹೇಳಿದರು. ಇನ್ನಾರೋ ಅದಕ್ಕೆ ಪುಟ್ಟ ಮಂಟಪ ಮಾಡಿಸಿದರು. ಆಯುಧ ಪೂಜೆಯ ದಿನ ಅದಕ್ಕೆ ಅರಿಸಿನ, ಕುಂಕುಮ, ಚೆಂಡುಹೂ. ವರ್ಷ ಕಳೆದಂತೆ ಅಕ್ಷರಗಳ ಸಂದಿನಲ್ಲಿ ಕುಂಕುಮ ಗಟ್ಟಿಯಾಯಿತು. ಮಕ್ಕಳೂ ಮುಟ್ಟುವುದನ್ನು ಬಿಟ್ಟರು. ಹತ್ತು ಜನರ ಮುಂದೆ ನನಗೆ ತಿಳಿಯಲಿಲ್ಲ ಎನ್ನಲು ಯಾವ ಮಗುವಿಗೆ ತಾನೇ ನಾಚಿಕೆಯಾಗುವುದಿಲ್ಲ? ನಮ್ಮ ನೀರು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅದು ಒಂದು ಕಾಗದದ ಮೇಲೂ ಬಿದ್ದಿರಲಿಲ್ಲ.

ಈಗ ನನ್ನ ಮನೆಯವರ ಸಂಗತಿ. ಅವರ ಹೆಸರು ದುರಗಪ್ಪ ಅಂಬಿಗೇರ. ಊರ ಮೇಲಿನ ಒಡ್ಡಿನಲ್ಲಿ ಗೇಟು ಕಾಯುವ ಕೆಲಸ, ಇಪ್ಪತ್ತಾರು ವರ್ಷ. ಹೋದ ವರ್ಷ ನಾಲ್ಕನೆಯ ತಿಂಗಳಲ್ಲಿ ನೆರೆ ಬಂತು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಗೇಟು ಎತ್ತುವ ಮೋಟರು ನಿಂತಿತು. ನಮ್ಮ ಮನೆ ಹೊಳೆಯ ದಂಡೆಯಲ್ಲಿದೆ. ನಾನು ಮಾಳಿಗೆಯ ಮೇಲೆ ನಿಂತಿದ್ದೆ. ಅವರು ಕಾವಲುಗೂಡಿನಿಂದ ಹೊರಬಿದ್ದು, ಒಡ್ಡಿನ ಮೇಲೆ ನಡೆದು, ನಾಲ್ಕನೆಯ ಗೇಟಿನ ಕೈಚಕ್ರ ಹಿಡಿದದ್ದು ನನಗೆ ಕಾಣಿಸಿತು. ಬೆನ್ನು ಬಾಗುತ್ತಿತ್ತು, ಏಳುತ್ತಿತ್ತು. ಬಾಗುತ್ತಿತ್ತು, ಏಳುತ್ತಿತ್ತು. ಗೇಟು ಪೂರ್ತಿ ಎದ್ದಿತು. ನೀರು ಊರ ಕಡೆ ನುಗ್ಗುವುದನ್ನು ಬಿಟ್ಟು ಹೊಳೆಯಲ್ಲೇ ಹೋಯಿತು. ಆಮೇಲೆ ಅವರು ನಿಂತಿದ್ದ ಕಟ್ಟೆ ಕುಸಿಯಿತು. ಮೂರನೆಯ ದಿನ ಕೆಳಗಿನ ಊರಿನ ಹತ್ತಿರ ಸಿಕ್ಕರು. ಮಣ್ಣು ಕೊಟ್ಟೆವು.

ಕಾವಲುಗೂಡಿನ ಸೂರಿನಲ್ಲಿ ಮೇಲ್ಗಣ್ಣು ಎಂಬ ಯಂತ್ರವಿದೆ. ಯಾರು ಬಂದರು, ಯಾರು ಹೋದರು, ಮೋಟರು ಗೇಟುಗಳು ಯಾವಾಗ ಹೇಗಿದ್ದವು ಎಂದು ಅದೇ ಬರೆದುಕೊಳ್ಳುತ್ತದೆ. ಒಂಬತ್ತು ಗಂಟೆ ಹತ್ತು ನಿಮಿಷದಿಂದ ನೌಕರ ಗೂಡಿನಲ್ಲಿಲ್ಲ ಎಂದು ಅದು ಬರೆಯಿತು. ಅವರು ಸತ್ತದ್ದು ಒಂದು ಕಚೇರಿಯಲ್ಲಿ ದಾಖಲಾಯಿತು, ಗೂಡಿನಲ್ಲಿಲ್ಲದ್ದು ಇನ್ನೊಂದು ಕಚೇರಿಯಲ್ಲಿ. ಎರಡೂ ಕಡತ ಒಂದನ್ನೊಂದು ನೋಡಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ದಿನದ ಚೌಕದೊಳಗೆ ಗೈರು ಎಂದು ಬಿತ್ತು. ಊರಲ್ಲಿ ಮಾತು ಹರಡಲು ಎಷ್ಟು ಹೊತ್ತು? ನೀರು ಬಂದ ಕೂಡಲೇ ದುರಗಪ್ಪ ಓಡಿಹೋದ, ಓಡುವಾಗ ಸತ್ತ ಎಂದರು. ನಾನು ನೀರು ತರಲು ಹೋದಾಗ ನನ್ನ ಬೆನ್ನ ಹಿಂದೆಯೇ ಅಂದರು. ನಾನು ಮಾತಿನವಳಲ್ಲ. ಮನೆಗೆ ಬಂದು ದಿನಚರಿಯಲ್ಲಿ ಬರೆದೆ: ‘ಇವತ್ತೂ ಓಡಿಹೋದವನ ಹೆಂಡತಿ ಎಂದರು.’ ವರ್ಷದ ಮೇಲೆ ಮೂರು ತಿಂಗಳು ಪ್ರತಿ ಮಂಗಳವಾರ ನೀರು ಕಚೇರಿಯ ಬೆಂಚಿನ ಮೇಲೆ ಕೂತೆ. ನನಗೆ ಬೇಕಾದದ್ದು ಒಂದೇ, ಆ ಗೈರು ಎಂಬ ಮಾತು ಅಳಿಸಬೇಕು. ಕಣ್ಣಾರೆ ಕಂಡದ್ದನ್ನು ಹೇಳಲು ಹೋದಾಗಲೆಲ್ಲ, ಆದೇಶ ಆಗುತ್ತದೆ, ಓದಿ ಹೇಳುತ್ತಾರೆ, ಕೂತಿರಿ ಎಂದರು.

ಕೊನೆಗೆ ಈ ವರ್ಷ ಏಳನೆಯ ತಿಂಗಳ ಒಂದು ಮಂಗಳವಾರ ನನ್ನ ಹೆಸರು ಕೂಗಿದರು. ಮೇಜಿನ ಆಚೆ ಶಿರಸ್ತೇದಾರ ಗುರುಪಾದ ಹೂಗಾರ ಅವರು, ಈಚೆ ಅರೆಹೊತ್ತಿನ ಇಬ್ಬರು ಮಕ್ಕಳು. ಓದುವ ಸರದಿ ಜೈನಾಬಿ ನದಾಫ ಎಂಬ ಹುಡುಗಿಯದು. ಗಾದಿ ಹೊಲಿಯುವವರ ಮಗಳು, ಕಚೇರಿಗೆ ಬಂದು ಮೂರನೆಯ ದಿನ. ಅವಳು ಓದಿದ್ದನ್ನು ಇದ್ದಂತೆಯೇ ಬರೆಯುತ್ತೇನೆ: ‘ಸದರಿ ನೌಕರನು ಉಲ್ಲೇಖಿತ ದಿನಾಂಕದಂದು ನಿಯೋಜಿತ ಸ್ಥಳದಿಂದ ಪೂರ್ವಾನುಮತಿ ಇಲ್ಲದೆ ನಿರ್ಗಮಿಸಿದ್ದು, ತದನಂತರ ಕರ್ತವ್ಯಕ್ಕೆ ವರದಿ ಮಾಡಿಕೊಳ್ಳದೇ ಇರುವುದರಿಂದ, ಸದರಿ ಅವಧಿಯನ್ನು ಅನಧಿಕೃತ ಗೈರುಹಾಜರಿ ಎಂದು ಪರಿಗಣಿಸಿ ಪ್ರಕರಣವನ್ನು ಮುಕ್ತಾಯಗೊಳಿಸಿದೆ.’

ನಮ್ಮ ಕಾಗದಗಳಲ್ಲಿ ಮಾತುಕತೆ ಬರೆಯುವ ರೂಢಿಯಿಲ್ಲ. ಆದರೆ ಆವತ್ತಿನ ಮಾತನ್ನು ನನ್ನ ಮಾತಿನಲ್ಲಿ ಹೇಳಿದರೆ ಸಪ್ಪೆಯಾಗುತ್ತದೆ. ದಿನಚರಿಯಲ್ಲಿ ಬರೆದುಕೊಂಡಂತೆ ಇಳಿಸುತ್ತೇನೆ.

“ಮರುಮಾತ ಹೇಳು,” ಎಂದರು ಹೂಗಾರರು, ಮುಂದಿನ ಕಡತ ಬಿಚ್ಚುತ್ತ.

“ಇವ್ರು ಕೆಲಸದ ಜಾಗಾ ಬಿಟ್ಟು, ಹೇಳದ ಕೇಳದ ಹೊರಗ ಹ್ವಾದ್ರು. ಆಮ್ಯಾಲೆ ಕೆಲಸಕ್ಕ ಬರಲಿಲ್ಲ,” ಎಂದು ಹುಡುಗಿ ನಿಲ್ಲಿಸಿದಳು. ನನ್ನ ಕಡೆ ತಿರುಗಿದಳು. “ಯಾಕ ಬರಲಿಲ್ಲ, ದೊಡ್ಡವ್ವಾ?”

“ತೀರಿಕೊಂಡಾರವ್ವಾ,” ಎಂದೆ.



“ಓದಿದಿ, ಮರುಮಾತ ಹೇಳಿದಿ, ಮುಗೀತಲ್ಲ. ಹೊಡಿ ಮುದ್ರಿ,” ಎಂದರು ಹೂಗಾರರು.

“ಓದಾಕ ಬಂತ್ರಿ ಸರ. ತಿಳೀಲಿಲ್ರಿ.”

“ಏನ್ ತಿಳೀಲಿಲ್ಲ?”

“ತೀರಿಕೊಂಡವ್ರು ಬಂದು ವರದಿ ಹೆಂಗ ಮಾಡ್ಕೋತಾರ್ರಿ?”

ಪಕ್ಕದಲ್ಲಿದ್ದ ಹುಡುಗ ಅವಳ ತೋಳು ತಿವಿದ. “ಲೇ, ಸುಮ್ನ ಹೊಡಿ. ಮೂರ ದಿನಕ್ಕ ನಪಾಸ ಆಗಾಕಿ ಅದಿಯೇನ?”

“ನೀ ಪಾಸಾಗಿ ನನಗ ತಿಳಿಸಿ ಹೇಳಪಾ ಹಂಗಾರ,” ಎಂದಳು ಆಕೆ. ಹುಡುಗ ಕಾಗದ ಎಳೆದುಕೊಂಡು ಎರಡು ಸಲ ಓದಿದ. ವಾಪಸು ದೂಡಿದ.

ಬೆಂಚಿನ ಮೇಲಿನ ಒಬ್ಬ ಅಜ್ಜ ನಕ್ಕುಬಿಟ್ಟ. “ಶಾಣ್ಯಾ ಆದಿ ನೋಡ್ ತಮ್ಮಾ, ಲಗೂನ ಆದಿ.”

ಜೈನಾಬಿ ಎದ್ದಳು. ಮಂಟಪದ ಹತ್ತಿರ ಹೋಗಿ ಹೂ ಸರಿಸಿ ಮುದ್ರೆ ಎತ್ತಿಕೊಂಡಳು. ಯಾರೋ ಅಯ್ಯಯ್ಯ ಎಂದರು. ಅದನ್ನು ಶಾಯಿಯಲ್ಲಿ ಅದ್ದಿ ಕಾಗದದ ಮೇಲೆ ಒತ್ತಿದಳು. ಒಂದು ಅಕ್ಷರವೂ ಮೂಡಲಿಲ್ಲ. ಕೆಂಪಗೆ ಒಂದು ದುಂಡು ಕಲೆ, ಅಷ್ಟೆ. ಆಕೆ ಪೆಚ್ಚಾಗಲಿಲ್ಲ. ಜಡೆಯಿಂದ ಪಿನ್ನು ತೆಗೆದು, ಅಲ್ಲೇ ನೆಲದ ಮೇಲೆ ಕೂತು, ಒಂದೊಂದೇ ಅಕ್ಷರದ ಸಂದಿನಿಂದ ಕುಂಕುಮ ಕೆದರಿ ತೆಗೆದಳು. ನನ್ನ ಸೆರಗು ಕೊಟ್ಟೆ, ಒರೆಸಿದಳು. ಹತ್ತು ನಿಮಿಷ ಹಿಡಿದಿರಬಹುದು. ಎರಡನೆಯ ಸಲ ಒತ್ತಿದಾಗ ಅಕ್ಷರಗಳು ಚೆನ್ನಾಗಿ ಬಿದ್ದವು. ತಿಳಿಯಲಿಲ್ಲ.

ಆ ದಿನ ಮನೆಗೆ ಬಂದು ವರ್ಷದ ಮೇಲೆ ಮೊದಲ ಸಲ ಎರಡು ರೊಟ್ಟಿ ತಿಂದೆ.

ಹೂಗಾರರನ್ನು ಕೆಟ್ಟವರೆಂದು ತಿಳಿಯಬೇಡ. ಅವರೂ ಹಿಂದೆ ಅರೆಹೊತ್ತಿನ ಹುಡುಗನೇ, ಒಮ್ಮೆಯೂ ಕೇಳದೆ ‘ತಿಳಿಯಿತು’ ಮುದ್ರೆ ಹೊಡೆದು ಬೆಳೆದವರು. ನನ್ನ ಮನೆಯವರ ಆದೇಶವನ್ನು ಅವರು ಮೂವತ್ತು ವರ್ಷ ಹಳೆಯ ಒಂದು ಕಾಗದ ನೋಡಿ ಬರೆದಿದ್ದರು. ಅದು ಕೆಲಸ ಬಿಟ್ಟು ಬೇರೆ ಊರಿಗೆ ಹೋದ ಯಾರೋ ಒಬ್ಬನದು. ಹೆಸರು, ತಾರೀಖು ಬದಲಿಸಿದ್ದರು, ಸಾಲು ಹಾಗೇ ಉಳಿದಿತ್ತು. ಹೊಸದಾಗಿ ಬರೆದರೆ ತಪ್ಪಾದೀತು, ಹಳೆಯದರಲ್ಲಿ ತಪ್ಪಿರುವುದಿಲ್ಲ ಎಂಬುದು ಅವರ ನಂಬಿಕೆ.

ನಿಯಮದಂತೆ ಅವರು ಹುಡುಗಿಯ ಮುಂದೆ ಕೂತರು. ಆದೇಶ ಯಾರದೋ ಅವರೂ ಇರಬೇಕಾದ್ದರಿಂದ ನಾನೂ ಹೋದೆ. ಶುಕ್ರವಾರ ಹಾಜರಿಯ ನಿಯಮ ಹೇಳಿದರು. ಆಕೆ ತಿಳಿಯಲಿಲ್ಲ ಎಂದು ತಲೆ ಅಲ್ಲಾಡಿಸಿದಳು. ಮುಂದಿನ ಮಂಗಳವಾರ ಮೇಲ್ಗಣ್ಣಿನ ದಾಖಲೆಯನ್ನೇ ತಂದು ಅವಳ ಮುಂದೆ ಹರವಿದರು. ಹುಡುಗಿ ಅದರ ಮೇಲೆ ಬೆರಳಿಟ್ಟು ಓದುತ್ತ ಹೋದಳು.

“ಮೋಟರ ಒಂಬತ್ತಕ್ಕ ನಿಂತೈತಿ ಅಂತ ಬರದೈತ್ರಿ ಸರ.”

“ಹೌದು.”

“ಹತ್ತು ಗಂಟೇಕ ನಾಲ್ಕನೇ ಗೇಟ ಪೂರ್ತಿ ಮ್ಯಾಲೈತಿ ಅಂತನೂ ಬರದೈತಿ. ಮೋಟರ ನಿಂತ ಮ್ಯಾಲೆ ಅದನ್ನ ಎತ್ತಿದವ್ರು ಯಾರ್ರಿ?”

ಹೂಗಾರರು ಕಾಗದ ತಮ್ಮ ಕಡೆ ತಿರುಗಿಸಿಕೊಂಡು ಆ ಎರಡು ಸಾಲುಗಳನ್ನು ತಾವೇ ಓದಿದರು. ಕನ್ನಡಕ ತೆಗೆದಿಟ್ಟರು. ಆಮೇಲೆ ನನ್ನ ಕಡೆ ನೋಡಿದರು. “ಅಕ್ಕಾರ, ಆವತ್ತ ಏನಾತು? ನೀವ ಹೇಳ್ರಿ.”

ಒಂದು ವರ್ಷ ಮೂರು ತಿಂಗಳಲ್ಲಿ ನನ್ನನ್ನು ಹಾಗೆ ಕೇಳಿದ ಮೊದಲ ಮನುಷ್ಯ ಅವರು. ನಾನು ಹೇಳಿದೆ. ಬೆನ್ನು ಬಾಗಿದ್ದು, ಎದ್ದದ್ದು, ಎಲ್ಲ. ಹುಡುಗಿ ಬರೆದುಕೊಂಡಳು. ಅಳಬಾರದು ಎಂದುಕೊಂಡು ಹೋಗಿದ್ದೆ, ಅತ್ತುಬಿಟ್ಟೆ. ಹೂಗಾರರೂ ಅತ್ತರು. ಹುಡುಗಿ ಇಬ್ಬರನ್ನೂ ನೋಡಿ, “ಸರ, ನೀರ ಕುಡೀರಿ, ಆಮ್ಯಾಲೆ ಬರಿಯೂಣು,” ಎಂದಳು.

ಹೊಸ ಆದೇಶವನ್ನು ಒಂಬತ್ತನೆಯ ದಿನ ಜೈನಾಬಿ ನಮ್ಮ ಮನೆ ಬಾಗಿಲಿಗೇ ಬಂದು ಓದಿದಳು. ಹಾಗೆ ಬಾಗಿಲಿಗೆ ಬಂದು ಓದುವ ಕಟ್ಟಳೆಯೇನೂ ಇಲ್ಲ. ಹೂಗಾರರು ಕಳಿಸಿದ್ದರು, ಹಿಂದೆ ತಾವೂ ನಿಂತಿದ್ದರು. ಓಣಿ ತುಂಬ ಜನ. ನನ್ನ ಹಿಂದೆ ಮಾತಾಡಿದವರೂ ಇದ್ದರು. ಆಕೆ ಓದಿದಳು: ‘ಗೇಟು ಕಾಯುವ ದುರಗಪ್ಪ ಅಂಬಿಗೇರ ಅವರು ನೆರೆಯ ದಿನ ಕೆಲಸದ ಮೇಲಿದ್ದರು. ಮೋಟರು ನಿಂತಾಗ ನಾಲ್ಕನೆಯ ಗೇಟನ್ನು ಕೈಯಿಂದ ಎತ್ತಿದರು. ಗೇಟು ಎದ್ದ ಮೇಲೆ ನೀರಿನಲ್ಲಿ ತೀರಿಕೊಂಡರು. ಅವರು ಗೇಟು ಎತ್ತಿದ್ದರಿಂದ ಊರು ಉಳಿಯಿತು.’

ಓದಿ ಮುಗಿಸಿ ನಿಂತಳು. ಮರುಮಾತು ಹೇಳಬೇಕಲ್ಲ. “ಇದಕ್ಕ ಮರುಮಾತ ಏನಂತ ಹೇಳಲಿ ದೊಡ್ಡವ್ವಾ? ಹೆಂಗೈತೋ ಹಂಗ ಬರದೈತಿ,” ಎಂದಳು. ಯಾರೋ ಹಲಗೆ ಬಾರಿಸಿದರು. ಮಂಡಕ್ಕಿಗೆ ಸಕ್ಕರೆ ಬೆರೆಸಿ ಓಣಿಗೆಲ್ಲ ಹಂಚಿದರು. ಓಡಿಹೋದವನ ಹೆಂಡತಿ ಎಂದವಳೊಬ್ಬಳು ಬಂದು ನನ್ನ ಕೈ ಹಿಡಿದಳು. ಬಿಡಿಸಿಕೊಳ್ಳಲಿಲ್ಲ.

ಅಲ್ಲಿಗೆ ನಿಲ್ಲಲಿಲ್ಲ, ತಾಯಿ. ಮರುವಾರ ನೀರು ಕಚೇರಿಯ ಮುಂದೆ ಸಾಲು ನಿಂತಿತ್ತು. ಜನ ಹಳೆಯ ಆದೇಶಗಳನ್ನು ತವರದ ಡಬ್ಬಿಗಳಿಂದ, ದೇವರ ಜಗುಲಿಯಿಂದ, ಹಾಸಿಗೆಯ ಕೆಳಗಿನಿಂದ ತೆಗೆದುಕೊಂಡು ಬಂದಿದ್ದರು. ನಮಗೂ ಓದಿ ಹೇಳಿ, ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನಿ ಎಂದರು. ಅವತ್ತು ಜೈನಾಬಿಯ ತೋಳು ತಿವಿದ ಹುಡುಗನೇ ಮೊದಲನೆಯದಕ್ಕೆ ಆ ಮುದ್ರೆ ಹೊಡೆದ, ಮೇಜು ಅಲುಗುವಂತೆ ಹೊಡೆದ. ಭೂಮಿ ಕಚೇರಿ, ಆಸ್ಪತ್ರೆ ಕಚೇರಿ, ದಾರಿ ಕಚೇರಿ, ಎಲ್ಲ ಕಡೆಯೂ ಮಂಟಪಗಳು ಖಾಲಿಯಾದವು. ಈ ಬಿಡುದಿನದವರೆಗೆ ನಮ್ಮ ಊರೊಂದರಲ್ಲೇ ನಾನೂರ ಹನ್ನೆರಡು ಆದೇಶ ಬೇರೆ ಬರೆದಿದ್ದಾರೆ. ಇಲ್ಲದ ತಪ್ಪು ಹೊತ್ತವರು ಎಷ್ಟೋ ಮಂದಿ ತಲೆ ಎತ್ತಿ ಓಡಾಡುತ್ತಿದ್ದಾರೆ. ಹೂಗಾರರು ಈಗ ಒಂದು ಸಾಲು ಬರೆದರೂ ಮಕ್ಕಳನ್ನು ಕರೆದು, “ಇದು ತಿಳಿತೈತೇನ್ ನೋಡ್ರಿ” ಎನ್ನುತ್ತಾರೆ. ಮಕ್ಕಳು ಅವರನ್ನು ಆಟ ಆಡಿಸುತ್ತಾರೆ. ತಿಳಿದರೂ ಹುಬ್ಬು ಗಂಟಿಕ್ಕಿ ಕೂರುತ್ತಾರೆ.

ಕೊನೆಯದಾಗಿ ಹಾಜರಿ ಪುಸ್ತಕ. ಅದನ್ನು ಅವರು ನನ್ನೆದುರೇ ತರಿಸಿದರು. ನೆರೆಯ ದಿನದ ಚೌಕದೊಳಗಿದ್ದ ಮಾತಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಹೊಸ ಮಾತು ಬರೆದು, ಸಹಿ ಹಾಕಿದರು. ಶಾಯಿ ಒಣಗುವವರೆಗೆ ನಾನು ಅಲ್ಲೇ ನಿಂತಿದ್ದೆ.

ಇಷ್ಟೆಲ್ಲ ನಿನಗೆ ಯಾಕೆ ಬರೆದೆ ಎಂದರೆ, ನೀನಿನ್ನೂ ಹದಿನೇಳನೆಯ ಪುಟಕ್ಕೆ ಬಂದಿಲ್ಲದಿರಬಹುದು. ಇಂದು ನಿನಗೆ ಚಹಾ ತರಲು ಹೇಳಿರಬಹುದು. ನಂಬರು ಹಾಕುತ್ತ ಹಾಕುತ್ತ ಬೆರಳು ನೋಯುತ್ತಿರಬಹುದು. ಒಂದು ದಿನ ನಿನ್ನ ಕೈಗೆ ಒಂದು ಕಾಗದ ಬರುತ್ತದೆ. ಓದಿದರೆ ತಲೆಬುಡ ಗೊತ್ತಾಗುವುದಿಲ್ಲ. ನನಗೇ ಬುದ್ಧಿ ಕಡಿಮೆ ಎಂದು ಅನ್ನಿಸುತ್ತದೆ. ಸುತ್ತ ಇರುವವರೆಲ್ಲ ತಿಳಿದವರಂತೆ ಕೂತಿರುತ್ತಾರೆ. ಆಗ ಕೇಳಿಬಿಡು, ತಾಯಿ. ಅವರು ನಗುತ್ತಾರೆ, ನಗಲಿ. ಆ ಕಾಗದದ ಆಚೆ ತುದಿಯಲ್ಲಿ ಯಾರೋ ಒಬ್ಬರು ಬೆಂಚಿನ ಮೇಲೆ ಕೂತಿರುತ್ತಾರೆ, ಅವರಿಗೆ ಕೇಳುವ ಧೈರ್ಯ ಇರುವುದಿಲ್ಲ. ಮತ್ತು ಕೇಳಿ ಗೆದ್ದ ಮೇಲೆ ನೀವೆಲ್ಲ ಒಂದು ಎಚ್ಚರ ಇಟ್ಟುಕೊಳ್ಳಿ. ನಿಮ್ಮ ಗೆಲುವಿಗೆ ಹೂ ಏರಿಸಿ ಕೈ ಮುಗಿದು ಕೂರಬೇಡಿ. ನಾವು ಹಾಗೆ ಕೂತು ಇಪ್ಪತ್ತೆರಡು ವರ್ಷ ಕಳೆದೆವು.

ಬಿಸಿಲಗಂಟೆ ಹೊಡೆಯಿತು. ಕೋಣೆಯ ಬಾಗಿಲು ಹಾಕುತ್ತಾರೆ, ಏಳಬೇಕು. ನೀನು ಎಲ್ಲಿದ್ದರೂ ನಿನ್ನ ಹೊಟ್ಟೆ ತಣ್ಣಗಿರಲಿ.

ಇಂತಿ,
ನೆರೆಯ ದಿನ ಒಡ್ಡಿನ ಮೇಲೆ ಹಾಜರಿದ್ದ ದುರಗಪ್ಪನವರ ಹೆಂಡತಿ,
ಫಕೀರವ್ವ ಅಂಬಿಗೇರ